ಗಾಳಾದ ಗಾಳಿ

ಸೀತಾರಾಮರಿಗೆ ಎರಡು ವಿಷಯಗಳಲ್ಲಿ ಜಂಬವಿತ್ತು. ಒಂದು, ಅವರ ವಿದ್ಯೆ. ಒಂದು ಕೂದಲನ್ನು ಮುನ್ನೂರು ಸೀಳು ಮಾಡಿದರೆ ಒಂದು ಸೀಳು ಎಷ್ಟು ಸಣ್ಣಗಿರುತ್ತದೋ ಅಷ್ಟು ಸಣ್ಣ ಗೆರೆಯನ್ನು ಅಲ್ಟ್ರಾವಯೊಲೆಟ್ ಬೆಳಕಿನಿಂದ ಎಳೆಸಿಕೊಳ್ಳುವ ಲೇಪವನ್ನು ಅವರು ಮುಂಬಯಿಯಲ್ಲಿ ಕೂತು ತಯಾರಿಸುತ್ತಿದ್ದರು. ಇನ್ನೊಂದು, ಅವರ ಕನ್ನಡ. ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ನೇತಾಡಿದರೂ ಅವರ ಮಾತಿಗೆ ಈ ಊರಿನ ಜಿಡ್ಡು ಅಂಟಿರಲಿಲ್ಲ. ಮೈಸೂರಿನ ಚಾಮರಾಜಪುರಂನಿಂದ ಹೇಗೆ ಹೊರಟಿತ್ತೋ ಹಾಗೇ ಇತ್ತು, ಇಸ್ತ್ರಿ ಮಾಡಿದ ಪಂಚೆಯ ಹಾಗೆ. ಇಂಥ ಎರಡು ಒಳ್ಳೆಯ ವಿಷಯಗಳು ಸೇರಿಕೊಂಡು ಒಬ್ಬ ಹುಡುಗಿಯ ಅನ್ನಕ್ಕೆ ಕಲ್ಲು ಹಾಕಿದವು ಅಂದರೆ ಯಾರು ನಂಬುತ್ತಾರೆ? ಮೊನ್ನೆಮೊನ್ನೆಯವರೆಗೆ ಸೀತಾರಾಮರೂ ನಂಬುತ್ತಿರಲಿಲ್ಲ.

ಅವರ ಪ್ರಯೋಗಾಲಯ ಇದ್ದದ್ದು ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಾಳಿಗೆಯಲ್ಲಿ. ಕೆಳಗೆ ರಟ್ಟಿನ ಡಬ್ಬಿ ಮಾಡುವವರು, ಎದುರಿಗೆ ಗುಂಡಿ ಮಾಡುವವರು, ನಡುವೆ ಈ ವಿಜ್ಞಾನಿಗಳು. ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಜಾಗ. ಬಿಳಿ ಬೆಳಕು ಬಿದ್ದರೆ ಲೇಪ ಹಾಳಾಗುತ್ತದೆಂದು ಒಳಗೆಲ್ಲ ಹಳದಿ ದೀಪ ಹಾಕಿದ್ದರು. ಅಲ್ಲಿ ಕೆಲಸ ಮಾಡುವವರೆಲ್ಲ ಅರಿಶಿನದ ನೀರು ಹೊಯ್ಸಿಕೊಂಡವರಂತೆ ಕಾಣುತ್ತಿದ್ದರು. ಪಕ್ಕದ ಜಾಗ ಈ ವರ್ಷ ಖಾಲಿಯಾಯಿತು. ಹಿತೇಶ್ ಎಂಬ ಗುಜರಾತಿ ಅಲ್ಲಿ ಏನೋ ಪ್ರಿಂಟಿಂಗ್ ನಡೆಸುತ್ತಿದ್ದ. ಆ ಕಡೆಗೆ ಮೆಟ್ಟಿಲೇ ಬೇರೆ. ಬೋರ್ಡಿನ ಮೇಲೆ 'ಪ್ರಿಂಟ್ಸ್' ಅಂತ ಓದಿ ಝೆರಾಕ್ಸ್ ಅಂಗಡಿ ಅಂದುಕೊಂಡು ಸೀತಾರಾಮರು ಸುಮ್ಮನಾಗಿದ್ದರು. ವ್ಯಾಪಾರ ಕುಸಿದು ಅವನು ಜಾಗ ಬಿಡುತ್ತೇನೆಂದಾಗ, ಟ್ರಸ್ಟಿನವರು ಅದನ್ನೂ ತೆಗೆದುಕೊಳ್ಳೋಣವೆಂದರು. ಒಮ್ಮೆ ನೋಡಿ ಬರಲು ಸೀತಾರಾಮರು ಹೋದರು. ಬೀಗದ ಕೈ ಭಾಗವ್ವನ ಹತ್ತಿರ ಇತ್ತು.

ಭಾಗವ್ವ ಸಿಂದಗಿ ಕಡೆಯವಳು. ಗಂಡನ ಜೊತೆ ಇಟ್ಟಿಗೆ ಹೊರಲು ಬಂದು, ಗಂಡ ಹೋದ ಮೇಲೆ ಕಸಬರಿಗೆ ಹಿಡಿದವಳು. ಬೆಳಿಗ್ಗೆ ಪ್ರಯೋಗಾಲಯದಲ್ಲಿ ಸಫಾಯಿ, ಮಧ್ಯಾಹ್ನದ ಮೇಲೆ ಹಿತೇಶನಲ್ಲಿ. ಅವಳು ಶಟರು ಎತ್ತಿದ ಕೂಡಲೇ ಒಳಗಿನಿಂದ ಒಂದು ಘಾಟು ಬಂದು ಸೀತಾರಾಮರ ಮೂಗಿಗೆ ಬಡಿಯಿತು. ಒಂದು ಕ್ಷಣ ಅವರು ಬಾಗಿಲಲ್ಲೇ ನಿಂತರು.

ಒಳಗೆ ಮಂಚದಷ್ಟು ಉದ್ದದ ಹಳೆಯ ಯಂತ್ರ. ಅದರ ಬದಿಯಲ್ಲಿ ಅಮೋನಿಯಾ ತುಂಬುವ ಡಬ್ಬಿ. ಕಟ್ಟಡದ ನಕ್ಷೆಗಳನ್ನು ನೀಲಿ ಗೆರೆಯಲ್ಲಿ ತೆಗೆಯುವ ಅಮೋನಿಯಾ ಪ್ರಿಂಟಿನ ಯಂತ್ರ ಅದು. ಕಾಗದದ ಮೇಲೆ ಅಲ್ಟ್ರಾವಯೊಲೆಟ್ ಬೆಳಕು ಬಿಟ್ಟು, ಆಮೇಲೆ ಅಮೋನಿಯಾದ ಹಬೆ ಹಾಯಿಸುತ್ತಾರೆ. ಸೀತಾರಾಮರ ವಿದ್ಯೆಗೆ ಅದು ಅಜ್ಜನಾಗಬೇಕು. ಯಂತ್ರದಿಂದ ಹೊರಟ ತಗಡಿನ ಕೊಳವೆ ಹಿಂದಿನ ಕಿಟಕಿಯಲ್ಲಿ ಹೊರಗೆ ಹೋಗಿತ್ತು. ಸೀತಾರಾಮರು ಕಿಟಕಿಯಲ್ಲಿ ತಲೆ ಹಾಕಿ ನೋಡಿದರು. ಕೊಳವೆಯ ಬಾಯಿಗೆ ನಾಲ್ಕು ಮೊಳ ಮೇಲೆ, ತಮ್ಮ ಪ್ರಯೋಗಾಲಯಕ್ಕೆ ಹೊರಗಿನ ಗಾಳಿ ಎಳೆದುಕೊಳ್ಳುವ ಡಕ್ಟಿನ ಬಾಯಿ ತೆರೆದುಕೊಂಡಿತ್ತು.

"ಇದ ನೋಡ್ರಿ ಸಾಹೇಬ್ರ, ನಾ ಹೇಳಿದ ಗಾಳಾ" ಅಂದಳು ಭಾಗವ್ವ.

"ಏನು ಹೇಳಿದ್ದೆ? ಯಾವಾಗ ಹೇಳಿದ್ದೆ?"

"ಆವಾಗ ಹೇಳಿದ್ನೆಲ್ರಿ, ಸಂಹಿತಾ ಬಾಯಿ ಇದ್ದಾಗ. ಮಂಗಳಾರ ಶುಕ್ಕರಾರ ಗಾಳಾದ ಗಾಳಿ ಬಡಿತೈತ್ರಿ, ಅದಕ್ಕ ಆಕಿ ಬಿಲ್ಲಿ ಕೆಡ್ತಾವ್ರಿ ಅಂತ. ನೀವು ನಕ್ರಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಹಾಲಿನವನು ನಿನ್ನೆ ಬಂದಿದ್ದ ಅನ್ನುವಷ್ಟು ಸಾದಾ ಆಗಿ ಅಂದು, ಮೂಲೆಯ ಜೇಡರ ಬಲೆ ತೆಗೆಯಲು ಹೋದಳು. ಸೀತಾರಾಮರು ಹಿತೇಶನ ಮುರುಕು ಸ್ಟೂಲಿನ ಮೇಲೆ ಕುಳಿತರು.

ನಾಲ್ಕು ವರ್ಷದ ಹಿಂದಿನ ಮಾತು. ಸಂಹಿತಾ ಮುಂಬಯಿಯಲ್ಲೇ ಹುಟ್ಟಿದ ಹುಡುಗಿ. ಅಪ್ಪ ಬೆಂಗಳೂರಿನವರು, ಫೋರ್ಟ್ ಪ್ರದೇಶದ ಬ್ಯಾಂಕೊಂದರಲ್ಲಿ ನೌಕರಿ. ಮನೆಯಲ್ಲಿ ಕನ್ನಡ ಕೇಳಿ ಬೆಳೆದಿದ್ದಳು, ಆಡಲು ತಡವರಿಸುತ್ತಿದ್ದಳು. ಪಿಎಚ್‌ಡಿಗೆಂದು ಸೀತಾರಾಮರ ಕೈಕೆಳಗೆ ಸೇರಿದಾಗ ಅವರಿಗೆ ಖುಷಿಯೋ ಖುಷಿ. ರಸಾಯನಶಾಸ್ತ್ರದ ಜೊತೆಗೆ ಕನ್ನಡವನ್ನೂ ಕಲಿಸಿಬಿಡುತ್ತೇನೆಂದು ಹೊರಟರು. ಲೇಪ ಹಚ್ಚುವ, ಕಂಪ್ಯೂಟರ್ ಚಿಪ್ ಮಾಡುವ ಸಿಲಿಕಾನಿನ ತೆಳು ತಟ್ಟೆಗೆ, ಅಂದರೆ ವೇಫರಿಗೆ, 'ಬಿಲ್ಲೆ' ಅಂತ ಹೆಸರಿಟ್ಟವರೂ ಅವರೇ. ಮುಂಬಯಿಯಲ್ಲಿ ವೇಫರ್ ಅಂದರೆ ಪೊಟ್ಟಣದಲ್ಲಿ ಮಾರುವ ಆಲೂಗಡ್ಡೆ ಹಪ್ಪಳ, ಅದನ್ನು ನಾನು ಹೇಳಲಾರೆ ಅನ್ನುತ್ತಿದ್ದರು.

ಬೆಳಕು ಬಿಡುವ ಯಂತ್ರ ಇದ್ದದ್ದು ಒಂದೇ. ಅದಕ್ಕೆ ಪಾಳಿ. ಸೋಮವಾರ, ಗುರುವಾರ ಅನಿಕೇತ್ ಎಂಬ ಇನ್ನೊಬ್ಬ ವಿದ್ಯಾರ್ಥಿಯದು; ಮಂಗಳವಾರ, ಶುಕ್ರವಾರ ಸಂಹಿತಾಳದು. ಲೇಪ ಒಂದೇ, ಒಲೆ ಒಂದೇ, ಬೆಳಕು ಒಂದೇ. ಅನಿಕೇತನ ಗೆರೆಗಳು ಗೋಡೆ ಕಟ್ಟಿದಂತೆ ನೇರ ನಿಂತರೆ, ಸಂಹಿತಾಳ ಗೆರೆಗಳ ತಲೆ ಉಬ್ಬಿ ಟೋಪಿ ಹಾಕಿಕೊಂಡಂತೆ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಹಾಗಾಗುವುದು ಯಾಕೆಂದು ಸೀತಾರಾಮರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬೆಳಕು ಬಿದ್ದಲ್ಲಿ ಲೇಪದೊಳಗೆ ಚೂರು ಆಮ್ಲ ಹುಟ್ಟುತ್ತದೆ, ಆ ಆಮ್ಲವೇ ಮುಂದಿನ ಕೆಲಸವೆಲ್ಲ ಮಾಡಬೇಕು. ಗಾಳಿಯಲ್ಲಿ ನೂರು ಕೋಟಿಗೆ ಹತ್ತು ಪಾಲು ಅಮೋನಿಯಾ ಇದ್ದರೂ ಸಾಕು, ಮೇಲ್ಪದರದ ಆಮ್ಲ ಸತ್ತುಹೋಗುತ್ತದೆ. ಅಷ್ಟು ಕಡಿಮೆ ಇದ್ದಾಗ ಯಾವ ಮೂಗಿಗೂ ಗೊತ್ತಾಗುವುದಿಲ್ಲ. ಇದನ್ನು ಅವರು ಎಷ್ಟೋ ಸಭೆಗಳಲ್ಲಿ ನಿಂತು ಹೇಳಿದವರು. ಭಾಗವ್ವನ ಫಿನೈಲ್ ನಿಲ್ಲಿಸಿದರು. ಸಂಹಿತಾಳ ಕೈಗೆ ಹಚ್ಚುವ ಕ್ರೀಮು ನಿಲ್ಲಿಸಿದರು, ತಲೆಗೆ ಹಾಕುವ ಶಾಂಪೂ ಯಾವುದೆಂದು ಕೇಳಿದರು. ಕೊನೆಗೆ ಗಾಳಿ ಅಳೆಯುವವರನ್ನೇ ಕರೆಸಿದರು. ಅವರು ಬಂದು ಅಳೆದು, ಏನೂ ಇಲ್ಲ, ಶುದ್ಧವಾಗಿದೆ ಅಂತ ಬರೆದುಕೊಟ್ಟರು. ಅವರು ಬಂದದ್ದು ಸೋಮವಾರ.

ಸೋಮವಾರ. ಹಿತೇಶನ ಮುರುಕು ಸ್ಟೂಲಿನ ಮೇಲೆ ಕೂತು ಸೀತಾರಾಮರು ಆ ಒಂದು ಪದವನ್ನು ಮನಸ್ಸಿನಲ್ಲಿ ಎಷ್ಟು ಸಲ ಅಂದುಕೊಂಡರೋ. ವಾರಕ್ಕೆ ಎರಡೇ ದಿನ ನಡೆಯುತ್ತಿದ್ದ ಯಂತ್ರ ಅದು. ವಾಸ್ತುಶಿಲ್ಪಿಗಳ ನಕ್ಷೆಗಳನ್ನು ಕೂಡಿಹಾಕಿಕೊಂಡು ಹಿತೇಶ್ ಮಂಗಳವಾರ, ಶುಕ್ರವಾರ ಅದನ್ನು ಹಚ್ಚುತ್ತಿದ್ದ. ಭಾಗವ್ವನಿಗೆ ಅದು ಗೊತ್ತಿತ್ತು, ಯಾಕೆಂದರೆ ಆ ಎರಡು ಮಧ್ಯಾಹ್ನ ಅವಳ ಕಣ್ಣು ಉರಿಯುತ್ತಿತ್ತು. ಬುಧವಾರ, ಶನಿವಾರ ಬೆಳಿಗ್ಗೆ ಪ್ರಯೋಗಾಲಯದ ಕೆಂಪು ಬಕೆಟ್ಟಿನಲ್ಲಿ ಕೆಟ್ಟ ಬಿಲ್ಲೆಗಳು ತುಂಬಿರುವುದನ್ನೂ ಅವಳೇ ಎತ್ತುತ್ತಿದ್ದಳು. ಎರಡನ್ನೂ ಕಂಡವಳು ಇಡೀ ಎಸ್ಟೇಟಿನಲ್ಲಿ ಅವಳೊಬ್ಬಳೇ. ಕಂಡು, ಕೂಡಿಸಿ, ಒಂದು ಬೆಳಿಗ್ಗೆ ಸಾಹೇಬರ ಮುಂದೆ ಬಂದು ನಿಂತು ಹೇಳಿದ್ದಳು.

ಆ ಮಾತು ಸೀತಾರಾಮರ ಕಿವಿಗೆ ಬಿದ್ದದ್ದು ಹೇಗೆ? ಮಂಗಳವಾರ, ಶುಕ್ರವಾರ, ಗಾಳಿ, ಹುಡುಗಿ. ಇಷ್ಟೇ. ದೆವ್ವ ಮೆಟ್ಟುವುದನ್ನು ಅವರ ಅಜ್ಜಿಯೂ 'ಗಾಳಿ ಸೋಕಿದೆ' ಅನ್ನುತ್ತಿದ್ದರು, ಮಂಗಳವಾರ ಶುಕ್ರವಾರವೇ ಅದನ್ನು ಬಿಡಿಸುತ್ತಿದ್ದರು. 'ಗಾಳಾದ' ಅನ್ನುವ ಪದವನ್ನು ಅವರ ಇಸ್ತ್ರಿ ಮಾಡಿದ ಕಿವಿ ತೊದಲು ಅಂತ ಉದುರಿಸಿಬಿಟ್ಟಿತು. ಎಸ್ಟೇಟಿನ ಒಂದೊಂದು ಜಾಗಕ್ಕೂ ಮುಂಬಯಿಯಲ್ಲಿ ಗಾಳಾ ಅನ್ನುತ್ತಾರೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಅವರದೇ ಲೆಟರ್‌ಹೆಡ್ಡಿನ ಮೇಲೆ 'ಗಾಳಾ ನಂಬರ್ ಹದಿನೇಳು' ಅಂತ ಅಚ್ಚಾಗಿತ್ತು. ಆದರೆ ಅದು ಕಾಗದದ ಮೇಲೆ. ಕನ್ನಡದ ನಡುವೆ ಬಂದಾಗ ಅವರು ಅದನ್ನು ಪದ ಅಂತಲೇ ಎಣಿಸಲಿಲ್ಲ.

"ಇಷ್ಟು ದೊಡ್ಡ ಯಂತ್ರ ಇಟ್ಕೊಂಡಿದ್ದೀವಲ್ಲ ಭಾಗವ್ವ, ಗಾಳಿ ಬಿಡಿಸೋಕೆ ಇನ್ನೊಂದು ಯಂತ್ರ ಕಟ್ಟಿಸಬೇಕಾ?" ಅಂದಿದ್ದರು. ಭಾಗವ್ವ ಸೆರಗು ಬಾಯಿಗೆ ಇಟ್ಟುಕೊಂಡು, ದೊಡ್ಡವರ ಚೇಷ್ಟೆಗೆ ನಗಬೇಕಾದಷ್ಟು ನಕ್ಕು ಹೋಗಿದ್ದಳು. ಮತ್ತೆ ಆ ವಿಷಯ ಎತ್ತಲಿಲ್ಲ. ಅವತ್ತು ಚಹಾದ ಹೊತ್ತಿಗೆ ಸೀತಾರಾಮರು ಎಲ್ಲರಿಗೂ ಈ ಜೋಕು ಹೇಳಿದರು. ಹೇಳುವಾಗ ಭಾಗವ್ವನ ಮಾತನ್ನು ತಿದ್ದಿ, ಶುದ್ಧ ಮಾಡಿಯೇ ಹೇಳಿದರು: "ಮಂಗಳವಾರ ಶುಕ್ರವಾರ ಗಾಳಿ ಸೋಕುತ್ತಂತಪ್ಪ ನಮ್ಮ ಸಂಹಿತಾಗೆ." ಎಲ್ಲರೂ ನಕ್ಕರು. ಸಂಹಿತಾಳೂ ನಕ್ಕಳು.

ಅದಾದ ಮಾರನೆಯ ದಿನವೋ ಏನೋ, ಅವಳು ಅವರ ಮೇಜಿನ ಹತ್ತಿರ ಬಂದು ನಿಂತಿದ್ದಳು.

"ಸರ್, ನಂದು ಡೇಸ್ ಒಂದ್ ಸಲ ಚೇಂಜ್ ಮಾಡಿ ನೋಡೋಣ ನಾ? ಅನಿಕೇತ್ ಮಂಗಳವಾರ್ ಮಾಡ್ಲಿ, ನಾನು ಸೋಮವಾರ್."

"'ನಂದು ಡೇಸ್' ಅಲ್ಲಮ್ಮ, 'ನನ್ನ ದಿನಗಳು'" ಅಂದರು ಸೀತಾರಾಮರು. "ನೋಡು, ಕೈ ಪಳಗದೇ ಇದ್ದರೆ ಪಂಚಾಂಗ ಬದಲಾಯಿಸಿ ಏನು ಪ್ರಯೋಜನ? ಮೊದಲ ಮೂರು ಸಲ ಚೆನ್ನಾಗಿ ಬಂದಿತ್ತು ಅಂತೀಯ, ಆಮೇಲೆ ಒಂದೂ ಬರಲ್ಲ. ನಿನ್ನ ಗೆರೆ ಟೋಪಿ ಹಾಕ್ಕೊಂಡಿದೆಯೋ, ನೀನೇ ನನಗೆ ಟೋಪಿ ಹಾಕ್ತಿದ್ದೀಯೋ?"

ಮೊದಲ ಮೂರು ಸಲ ಚೆನ್ನಾಗಿ ಬಂದದ್ದು ಹಿತೇಶನ ಯಂತ್ರ ರಿಪೇರಿಗೆ ಹೋಗಿದ್ದಾಗ. ಅದನ್ನು ಯಾರು ಕಂಡಿದ್ದರು! ಹದಿನೈದು ದಿನ ಬಿಟ್ಟು ಸೀತಾರಾಮರು ಪಿಎಚ್‌ಡಿ ಸಮಿತಿಗೆ ಕಾಗದ ಬರೆದರು. ಅಭ್ಯರ್ಥಿಯ ಕೈಕೆಲಸದಲ್ಲಿ ಶಿಸ್ತಿಲ್ಲ, ಆರಂಭದ ಫಲಿತಾಂಶಗಳನ್ನೂ ನಂಬುವಂತಿಲ್ಲ, ಮುಂದುವರಿಸಲು ನನ್ನ ಶಿಫಾರಸು ಇಲ್ಲ ಅಂತ. ಸಂಹಿತಾಳ ಫೆಲೋಶಿಪ್ ನಿಂತಿತು. ಅವಳು ಹೋದ ಮೇಲೆ ಮಂಗಳವಾರ, ಶುಕ್ರವಾರವನ್ನು ಯಂತ್ರದ ಸಫಾಯಿಗೆ ಬಿಟ್ಟರು. ಕೆಂಪು ಬಕೆಟ್ಟು ತುಂಬುವುದು ನಿಂತುಹೋಯಿತು. ನೋಡಿದಿರಾ, ದೋಷ ಎಲ್ಲಿತ್ತು ಅಂತ ಈಗ ಗೊತ್ತಾಯಿತಲ್ಲ ಎಂದು ಸೀತಾರಾಮರು ಮನೆಯಲ್ಲಿ ಹೆಂಡತಿ ವಿಮಲಾಗೆ ಹೇಳಿಕೊಂಡದ್ದೂ ಉಂಟು.

ಈಗ ಸ್ಟೂಲಿನಿಂದ ಎದ್ದವರು, ಹಿತೇಶನಿಗೆ ಫೋನು ಮಾಡಿ, ಮುಂದಿನ ಮಂಗಳವಾರ ಒಂದು ದಿನದ ಮಟ್ಟಿಗೆ ಯಂತ್ರ ಹಚ್ಚಿಕೊಡಪ್ಪ ಅಂದರು. ಅವತ್ತು ಅನಿಕೇತನಿಗೆ ಮುಟ್ಟಲೂ ಬಿಡದೆ ಲೇಪ ಹಚ್ಚುವುದರಿಂದ ಹಿಡಿದು ಕಡೆಯವರೆಗೆ ತಾವೇ ಮಾಡಿದರು. ಮೂವತ್ತು ವರ್ಷ ಪಳಗಿದ ಕೈ. ಸಂಜೆ ಸೂಕ್ಷ್ಮದರ್ಶಕದ ಪರದೆಯ ಮೇಲೆ ಅವರ ಗೆರೆಗಳು ಸಾಲಾಗಿ ಟೋಪಿ ಹಾಕಿಕೊಂಡು ನಿಂತಿದ್ದವು. ಒಂದೇ ಒಂದು ದಿನದ ಕೆಲಸ. ಆ ಹುಡುಗಿ ಕೇಳಿದ್ದೂ ಒಂದೇ ದಿನ.

ಅವಳು ಬಾಂದ್ರಾದಲ್ಲಿದ್ದಾಳೆ ಅಂತ ಅನಿಕೇತ್ ಹೇಳಿದ. ಉಗುರಿನ ಬಣ್ಣ ಮಾರುವ ಕಂಪನಿಯೊಂದರಲ್ಲಿ ಪಾರ್ಲರಿನ ಹೆಂಗಸರಿಗೆ ತರಬೇತಿ ಕೊಡುತ್ತಾಳಂತೆ. ಸೀತಾರಾಮರು ಸಮಿತಿಗೆ ಹೊಸ ಕಾಗದ ಬರೆದು, ಅದರ ಪ್ರತಿಯನ್ನು ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟುಕೊಂಡು ಮಧ್ಯಾಹ್ನದ ಲೋಕಲ್ ಹತ್ತಿದರು. ಸೀಟು ಖಾಲಿ ಇದ್ದರೂ ಕೂರಬೇಕೆನ್ನಿಸಲಿಲ್ಲ. ಏನು ಹೇಳುವುದು ಅಂತ ವಾಕ್ಯ ಕಟ್ಟಿದರು, ಒಡೆದರು. ಅವಳು ಬೈದುಬಿಟ್ಟರೆ ಸಾಕು ಅನ್ನಿಸಿತು. ಬೈಸಿಕೊಂಡು ಹಗುರಾಗಿ ಮನೆಗೆ ಹೋಗಬಹುದೆಂಬ ಆಸೆ ಆ ವಯಸ್ಸಿನಲ್ಲೂ ಇತ್ತು ನೋಡಿ.

ಗಾಜಿನ ಗೋಡೆಯ ಕೋಣೆ. ಒಳಗೆ ಎಂಟು ಹತ್ತು ಹೆಂಗಸರು ಮೇಜಿನ ಸುತ್ತ ಕೂತಿದ್ದರು. ಮೇಜಿನ ಮೇಲೆ ರೊಟ್ಟಿ ಡಬ್ಬಿಯಷ್ಟು ದೊಡ್ಡ ಅಲ್ಟ್ರಾವಯೊಲೆಟ್ ದೀಪದ ಪೆಟ್ಟಿಗೆಗಳು. ಉಗುರಿಗೆ ಲೇಪ ಹಚ್ಚಿ ಬೆರಳನ್ನು ಪೆಟ್ಟಿಗೆಯೊಳಗೆ ಇಟ್ಟರೆ ಬೆಳಕಿಗೆ ಲೇಪ ಗಟ್ಟಿಯಾಗುತ್ತದೆ. ಸಂಹಿತಾ ಎದುರಿಗೆ ನಿಂತು ಹಿಂದಿಯಲ್ಲಿ ವಿವರಿಸುತ್ತಿದ್ದಳು. ಚೆನ್ನಾಗಿಯೇ ಹೇಳುತ್ತಿದ್ದಳು. ಆದರೆ ಬ್ರಷ್ಷು ಹಿಡಿದು ಮಾಡಿ ತೋರಿಸುತ್ತಿದ್ದದ್ದು ಪಕ್ಕದಲ್ಲಿದ್ದ ಶಿವಕುಮಾರಿ ಎಂಬ ನಡುವಯಸ್ಸಿನ ಹೆಂಗಸು. ಸಂಹಿತಾಳ ಎರಡು ಕೈಗಳೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದವು.

ಬಿಡುವಿನಲ್ಲಿ ಹೊರಗೆ ಬಂದವಳು ಅವರನ್ನು ಕಂಡು ಬೆಚ್ಚಿದಳು. ಆಮೇಲೆ ತಾನೇ ಕುರ್ಚಿ ಎಳೆದುಕೊಟ್ಟಳು.

"ಕೂತ್ಕೊಳ್ಳಿ ಸರ್. ಪಾನಿ ಬೇಕಾ?"

"ಬೇಡಮ್ಮ. ಪಾಠ ಚೆನ್ನಾಗಿ ಮಾಡ್ತೀಯ. ನೀನೇ ಯಾಕೆ ಮಾಡಿ ತೋರಿಸಲ್ಲ?"

ಮಾತು ಶುರು ಮಾಡಲು ಏನೋ ಒಂದು ಕೇಳಬೇಕಲ್ಲ ಅಂತ ಕೇಳಿದ್ದು.

"ನಂಗೆ ಕೈಯಲ್ಲಿ ಬರಲ್ಲ ಸರ್" ಅಂದಳು ಸಂಹಿತಾ. ದಿನಾ ಹೇಳಿ ಹೇಳಿ ಸವೆದ ಮಾತಿನ ಹಾಗೆ. "ಕೈದು ಕೆಲಸ ನಾನು ಬಿಟ್ಟೆ. ಮನೇಲಿ ರೊಟ್ಟಿ ಗೋಲ್ ಬರ್ಲಿಲ್ಲ ಅಂದ್ರೂ ಮಮ್ಮಿಗೆ ಹೇಳ್ತೀನಿ, ನಂದು ಕೈ ಹಾಗೇ."

'ನಂದು ಕೈ' ಅನ್ನುವುದನ್ನು ಸೀತಾರಾಮರು ತಿದ್ದಲಿಲ್ಲ. ಕಟ್ಟಿಕೊಂಡು ಬಂದ ವಾಕ್ಯಗಳೆಲ್ಲ ಮರೆತುಹೋದವು. ಹಿತೇಶನ ಯಂತ್ರ, ಕೊಳವೆ, ಡಕ್ಟು, ತಾವೇ ಮಾಡಿದ ಮಂಗಳವಾರದ ಪ್ರಯೋಗ ಎಲ್ಲವನ್ನೂ ಹಿಂದೆ ಮುಂದೆ ಮಾಡಿ ಹೇಳಿದರು. "ನಿನ್ನ ಕೈಯಲ್ಲಿ ಏನೂ ದೋಷ ಇರಲಿಲ್ಲ ಸಂಹಿತಾ. ಒಂದು ಚೂರೂ ಇರಲಿಲ್ಲ. ತಪ್ಪು ನಂದು" ಅಂದರು. ಫೋಲ್ಡರು ಅವಳ ಮುಂದಿಟ್ಟರು.

ಅವಳು ಕಾಗದವನ್ನು ನಿಧಾನವಾಗಿ ಓದಿದಳು. ಹಳೆಯ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳುತ್ತೇನೆ, ನಂತರದ ಪರಿಶೀಲನೆಯಲ್ಲಿ ನಿಜವಾದ ಕಾರಣ ಪತ್ತೆಯಾಗಿದೆ, ಅಭ್ಯರ್ಥಿಗೆ ಮತ್ತೆ ಅವಕಾಶ ಕೊಡಬೇಕು ಅಂತ ಅದರಲ್ಲಿತ್ತು. ಓದಿ ಮುಗಿಸಿ, ಕಾರಣ ಪತ್ತೆಯಾಗಿದೆ ಅನ್ನುವ ಸಾಲಿನ ಮೇಲೆ ಬೆರಳಿಟ್ಟಳು.

"ಯಾರು ಪತ್ತೆ ಮಾಡಿದ್ದು ಸರ್?"

ಇಲ್ಲಿ ಸೀತಾರಾಮರು ತಪ್ಪಿಸಿಕೊಳ್ಳಬಹುದಿತ್ತು. ಪಕ್ಕದ ಜಾಗ ನೋಡಲು ಹೋದಾಗ ಕಂಡಿತು ಅಂದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡರು.

"ಭಾಗವ್ವ."

"ಈಗ ಹೇಳಿದ್ರಾ ಅವರು?"

"ಇಲ್ಲಮ್ಮ. ಆಗಲೇ ಹೇಳಿದ್ದಳು. ನಾನು ಸಮಿತಿಗೆ ಬರೆಯೋಕೆ ಹದಿನೈದು ದಿನ ಮುಂಚೆ."

ಸಂಹಿತಾ ಅವರ ಮುಖವನ್ನೇ ನೋಡಿದಳು. "ಏನು ಹೇಳಿದ್ರು? ಅವರು ಹೇಳಿದ ಹಾಗೇ ಹೇಳಿ."

ಸೀತಾರಾಮರು ಭಾಗವ್ವನ ಮಾತನ್ನು ಭಾಗವ್ವನ ಹಾಗೇ ಹೇಳಲು ಹೋದರು. ನಾಲಿಗೆ ಹೊರಳಲಿಲ್ಲ. ಎರಡನೇ ಸಲ ಬಂತು. "ಮಂಗಳಾರ ಶುಕ್ಕರಾರ ಗಾಳಾದ ಗಾಳಿ ಬಡಿತೈತ್ರಿ."

"ಗಾಳಾದ" ಅಂದಳು ಸಂಹಿತಾ.

"ಹೂಂ."

"ಚಾಯ್ ಟೈಮಲ್ಲಿ ನೀವು ಜೋಕ್ ಹೇಳಿದ್ರಿ ಸರ್. ನಾನೂ ಅಲ್ಲೇ ಇದ್ದೆ. ನೀವು ಬರೀ ಗಾಳಿ ಅಂದ್ರಿ." ಅವಳ ದನಿ ಏರಲಿಲ್ಲ. ಪದಗಳನ್ನು ಹುಡುಕಿ ಹುಡುಕಿ, ಒಂದಾದ ಮೇಲೊಂದು ಇಟ್ಟಳು. "ನಂಗೆ ಕನ್ನಡ ಸರಿ ಬರಲ್ಲ. ಗಾಳಿ ಅಂದ್ರೆ ಭೂತ್ ಅಂತ ನೀವೇ ಅವತ್ತು ಹೇಳ್ಕೊಟ್ಟಿದ್ದು. ಆದ್ರೆ ಗಾಳಾ ನಂಗೆ ಗೊತ್ತು ಸರ್. ಗಾಳಾ ಅಂದಿದ್ರೆ ನಾನು ಎದ್ದು ಬಾಜೂಗೆ ಹೋಗಿ ನೋಡ್ತಿದ್ದೆ."

ಆ ಒಂದು ಪದ ಹಾಗೇ ಕೊಳೆಯಾಗಿ, ಅಶುದ್ಧವಾಗಿ ಸೀತಾರಾಮರ ಬಾಯಿಂದ ಹೊರಗೆ ಬಂದಿದ್ದರೆ ಸಾಕಿತ್ತು. ಅವರು ನಗಬಹುದಿತ್ತು, ನಂಬದೆಯೂ ಇರಬಹುದಿತ್ತು. ಹುಡುಗಿ ತಾನೇ ತನ್ನನ್ನು ಉಳಿಸಿಕೊಳ್ಳುತ್ತಿದ್ದಳು. ಅವರ ಕಣ್ಣು ಒದ್ದೆಯಾಯಿತು; ಒರೆಸಿಕೊಳ್ಳಲು ನಾಚಿಕೆಯಾಗಿ ಕನ್ನಡಕ ಸರಿಮಾಡಿಕೊಂಡರು.

"ಸಮಿತಿಯವರು ಒಪ್ಪುತ್ತಾರೆ. ನಾನು ಮಾತಾಡ್ತೀನಿ. ವಾಪಸ್ ಬಾಮ್ಮ" ಅಂದರು. 'ವಾಪಸ್' ಅಂದದ್ದು ಅವರ ಗಮನಕ್ಕೂ ಬರಲಿಲ್ಲ.

"ನೋಡ್ತೀನಿ ಸರ್. ಈಗ ಬ್ಯಾಚ್ ಇದೆ." ಸಂಹಿತಾ ಕಾಗದವನ್ನು ಫೋಲ್ಡರಿಗೆ ಸೇರಿಸಿ ಅವರ ಕಡೆಗೇ ಸರಿಸಿದಳು. "ಇದರಲ್ಲಿ ಭಾಗವ್ವಂದು ಹೆಸರಿಲ್ಲ. ಹಾಕಿ. ಡೇಟ್ ಕೂಡ ಹಾಕಿ."

ಅವಳು ಒಳಗೆ ಹೋದಳು. ಸೀತಾರಾಮರು ಪೆನ್ನು ತೆಗೆದು, ಇಂಗ್ಲಿಷಿನಲ್ಲಿ ಅಚ್ಚಾದ ಕಾಗದದ ಅಂಚಿನಲ್ಲಿ ಭಾಗವ್ವನ ಹೆಸರು, ಆ ತಾರೀಖು, ಅವಳ ಮಾತು ಎಲ್ಲವನ್ನೂ ಕನ್ನಡದಲ್ಲಿ, ಒಂದಕ್ಷರವನ್ನೂ ತಿದ್ದದೆ ಬರೆದರು. ಬರೆದು ತಲೆಯೆತ್ತಿದಾಗ ಗಾಜಿನಾಚೆ ಪಾಠ ಶುರುವಾಗಿತ್ತು. ಒಬ್ಬ ಹೆಂಗಸು ಹಚ್ಚಿದ ಲೇಪ ಉಗುರಿನಿಂದ ಆಚೆಗೆ ಹರಿದಿತ್ತು. ಅವಳು ದಿಕ್ಕು ತೋಚದೆ ಬ್ರಷ್ಷನ್ನು ಸಂಹಿತಾಳ ಕಡೆ ಚಾಚಿದಳು. ಸಂಹಿತಾ ಬೆನ್ನ ಹಿಂದಿನಿಂದ ಬಲಗೈ ತೆಗೆದು ಬ್ರಷ್ಷಿನ ಹತ್ತಿರದವರೆಗೂ ತಂದಳು. ಕೈಯನ್ನು ಒಂದು ಸಲ ನೋಡಿಕೊಂಡಳು. ಆಮೇಲೆ ಅದನ್ನು ಹಿಂದಕ್ಕೆ ಕಟ್ಟಿಕೊಂಡು, ಶಿವಕುಮಾರಿಯನ್ನು ಕರೆದಳು.